ರಜೆಯಲ್ಲಿರುವ ಪೊಲೀಸ್ ಯಾವಾಗ ಕೈ ಹಾಕಬೇಕು?

(ಕಾನ್‌ಸ್ಟೆಬಲ್ ಆಗಿ ಸೇರಿ, ದಾವಣಗೆರೆ ಮತ್ತು ಚಿತ್ರದುರ್ಗದ ಠಾಣೆಗಳಲ್ಲಿ ಮೂವತ್ತನಾಲ್ಕು ವರ್ಷ ದುಡಿದು, ಸಬ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು ಓದುಗರ ಪತ್ರಗಳಿಗೆ ಉತ್ತರಿಸುತ್ತಾರೆ.)

ಪ್ರಶ್ನೆ: ಸರ್, ನನ್ನ ಯಜಮಾನರು ಕಾನ್‌ಸ್ಟೆಬಲ್. ಕಳೆದ ತಿಂಗಳು ಅವರ ವಾರದ ರಜೆಯ ದಿನ ಆರು ವರ್ಷದ ಮಗಳನ್ನು ಕರೆದುಕೊಂಡು ಸಂಜೆ ಸಂತೆಗೆ ಹೋಗಿದ್ದೆವು. ಬದನೆಕಾಯಿ ಆರಿಸುತ್ತಿದ್ದ ಅಜ್ಜಿಯೊಬ್ಬರ ಕೊರಳಿನ ಸರವನ್ನು ಒಬ್ಬ ಕಿತ್ತುಕೊಂಡು ಓಡಿದ. ಇವರು ಮಗಳ ಕೈ ಬಿಟ್ಟು ಅವನ ಬೆನ್ನು ಹತ್ತಿದರು. ಬೈಕ್ ಚಾಲೂ ಇಟ್ಟುಕೊಂಡು ಕಾಯುತ್ತಿದ್ದ ಇನ್ನೊಬ್ಬ ಇವರನ್ನು ಒದ್ದು ಬೀಳಿಸಿದ. ಬಲಗೈ ಮಣಿಕಟ್ಟು ಮುರಿಯಿತು. ಸರವೂ ಹೋಯಿತು, ಕಳ್ಳರೂ ಹೋದರು. ನಾನು ಇವರತ್ತ ಓಡಿದ ಗದ್ದಲದಲ್ಲಿ ಮಗಳು ಹತ್ತು ನಿಮಿಷ ಕಾಣಲಿಲ್ಲ. ಕೇಳಿದರೆ ‘ಪೊಲೀಸ್ ಎಂದ ಮೇಲೆ ಇಪ್ಪತ್ತನಾಲ್ಕು ಗಂಟೆಯೂ ಕರ್ತವ್ಯವೇ’ ಎನ್ನುತ್ತಾರೆ. ಇದು ನಿಜವೇ?
– ಹೆಸರು ಬೇಡ, ನಿಟುವಳ್ಳಿ, ದಾವಣಗೆರೆ

ಉತ್ತರ: ತಂಗಿ, ಮಗಳು ಈಗ ಹೇಗಿದ್ದಾಳೆ ಎಂದು ನೀವು ಬರೆದಿಲ್ಲ. ಸಂತೆಯ ನಡುವೆ ಹತ್ತು ನಿಮಿಷ ಅಪ್ಪ ಅಮ್ಮ ಇಬ್ಬರನ್ನೂ ಕಾಣದೆ ನಿಂತ ಮಗು ಕೆಲವು ರಾತ್ರಿ ಬೆಚ್ಚಿ ಏಳಬಹುದು. ಮುರಿದ ಕೈಯನ್ನು ನೋಡಿಕೊಳ್ಳುವಷ್ಟೇ ಎಚ್ಚರದಿಂದ ಅವಳನ್ನೂ ನೋಡಿಕೊಳ್ಳಿ.

ಯಜಮಾನರು ಹೇಳಿದ್ದು ಸುಳ್ಳಲ್ಲ. 1861ರ ಪೊಲೀಸ್ ಕಾಯಿದೆಯ 22ನೆಯ ಕಲಂ ಪೊಲೀಸ್ ಅಧಿಕಾರಿಯನ್ನು ಸದಾ ಕರ್ತವ್ಯದಲ್ಲಿರುವವನೆಂದೇ ಎಣಿಸುತ್ತದೆ. ತರಬೇತಿಯ ದಿನಗಳಲ್ಲಿ ನಮಗೂ ಇದನ್ನು ಬಾಯಿಪಾಠ ಮಾಡಿಸಿದ್ದರು. ಎಷ್ಟು ಹೊತ್ತಿಗೆ ಕರೆದರೂ ಬರಬೇಕು, ಎಲ್ಲಿಗೆ ಕಳಿಸಿದರೂ ಹೋಗಬೇಕು, ನನ್ನ ಪಾಳಿ ಮುಗಿಯಿತೆಂದು ಕಣ್ಣೆದುರಿನ ಅಪರಾಧಕ್ಕೆ ಬೆನ್ನು ಹಾಕಬಾರದು: ನಾನು ಅದನ್ನು ಅರ್ಥ ಮಾಡಿಕೊಂಡಿರುವುದು ಹೀಗೆ. ಒಬ್ಬನೇ, ಬರಿಗೈಯಲ್ಲಿ, ಮಗುವಿನ ಕೈ ಕೊಡವಿ ಓಡಬೇಕೆಂದು ಅದರಲ್ಲಿ ಎಲ್ಲಿಯೂ ಬರೆದಿಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 168ನೆಯ ಕಲಂ ಇನ್ನೂ ಸ್ಪಷ್ಟವಾಗಿದೆ. ವಾರಂಟ್ ಇಲ್ಲದೆ ಬಂಧಿಸಬಹುದಾದಂಥ ಅಪರಾಧ ನಡೆಯದಂತೆ ಪೊಲೀಸ್ ಅಧಿಕಾರಿ ತನ್ನ ಕೈಲಾದ ಮಟ್ಟಿಗೆ ತಡೆಯಲೇಬೇಕು ಎನ್ನುತ್ತದೆ ಅದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 149ನೆಯ ಕಲಮಿನಲ್ಲೂ ಇದೇ ಮಾತಿತ್ತು. ‘ಕೈಲಾದ ಮಟ್ಟಿಗೆ’ ಎಂಬ ಆ ಎರಡು ಪದಗಳನ್ನು ನಮ್ಮ ಹುಡುಗರು ಓದದೆ ಮುಂದೆ ಹೋಗುತ್ತಾರೆ. ಸಮವಸ್ತ್ರ ತೊಟ್ಟು, ಜೊತೆಗಾರನೊಂದಿಗೆ, ಕೈಯಲ್ಲಿ ಲಾಠಿ ಹಿಡಿದು, ವೈರ್‌ಲೆಸ್ ಇಟ್ಟುಕೊಂಡು ಗಸ್ತು ಹೊರಟವನ ಕೈಲಾಗುವುದೇ ಬೇರೆ. ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದರಲ್ಲಿ ಮಗಳ ಬೆರಳು ಹಿಡಿದವನ ಕೈಲಾಗುವುದೇ ಬೇರೆ. ಎರಡನೆಯವನ ಕೈಲಾಗುವುದು ನೋಡುವುದು, ನೆನಪಿಡುವುದು, ಕೂಡಲೇ ಫೋನ್ ಮಾಡುವುದು. ಇದು ಕಡಿಮೆ ಕೆಲಸವಲ್ಲ. ಬೈಕ್ ಯಾವ ಕಡೆ ತಿರುಗಿತು, ನಂಬರಿನ ಕೊನೆಯ ಎರಡು ಅಂಕಿ ಏನು, ಹಿಂದೆ ಕುಳಿತವನ ಕಾಲಲ್ಲಿ ಎಂಥ ಚಪ್ಪಲಿ ಇತ್ತು. ಚಪ್ಪಲಿಯನ್ನು ಏಕೆ ಹೇಳಿದೆನೆಂದರೆ, ಸರಗಳ್ಳರು ಮುಂದಿನ ಓಣಿಯಲ್ಲಿ ಅಂಗಿ ಬದಲಿಸುವುದನ್ನು ನಾನು ಕಂಡಿದ್ದೇನೆ, ಚಪ್ಪಲಿ ಬದಲಿಸಿದ್ದನ್ನು ಕಂಡಿಲ್ಲ. ಅಷ್ಟನ್ನು ಎರಡು ನಿಮಿಷದೊಳಗೆ 112ಕ್ಕೆ ಹೇಳಿದ್ದರೆ ಊರಿನ ಹೊರದಾರಿಗಳಲ್ಲಿ ನಿಂತವರಿಗೆ ಒಂದು ಅವಕಾಶ ಸಿಗುತ್ತಿತ್ತು.

ಇದನ್ನು ಪುಸ್ತಕದ ಬಲದಿಂದ ಹೇಳುತ್ತಿಲ್ಲ.

1991ರಲ್ಲಿ ನಾನು ಇಪ್ಪತ್ತೈದರ ಕಾನ್‌ಸ್ಟೆಬಲ್. ಆಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು. ಒಂದು ರಾತ್ರಿ ಅವ್ವನನ್ನು ಜಗಳೂರಿನ ಕೊನೆಯ ಬಸ್ಸಿಗೆ ಹತ್ತಿಸಲು ಹೋಗಿದ್ದೆ. ಪಂಚೆ ಉಟ್ಟಿದ್ದೆ, ಮೇಲೊಂದು ಬನಿಯನ್ನು, ಹೆಗಲಿಗೆ ಟವೆಲ್. ಬಸ್ಸಿನ ಬಾಗಿಲಿನ ನೂಕುನುಗ್ಗಲಿನಲ್ಲಿ ಒಬ್ಬ ಹುಡುಗ ವಯಸ್ಸಾದವರೊಬ್ಬರ ಜೇಬಿಗೆ ಬೆರಳು ಇಳಿಸಿದ್ದನ್ನು ಕಂಡೆ. ಅವನ ಕೊರಳಪಟ್ಟಿ ಹಿಡಿದು ‘ಕಳ್ಳ, ಕಳ್ಳ’ ಎಂದು ಕೂಗಿದೆ. ಹುಡುಗ ನನಗಿಂತ ಜೋರಾಗಿ, ‘ಇವನೇ ಕಳ್ಳ, ನನ್ನ ದುಡ್ಡು ಕಿತ್ತುಕೊಳ್ಳುತ್ತಿದ್ದಾನೆ’ ಎಂದು ಅರಚಿದ. ಜನ ಸೇರಿದರು. ಯಾರು ಯಾರೆಂದು ಅವರಿಗೇನು ಗೊತ್ತು? ಇಬ್ಬರನ್ನೂ ಹೊಡೆದರು. ನನ್ನ ಹುಬ್ಬು ಒಡೆಯಿತು, ಆ ಗಾಯದ ಗುರುತು ಇಂದಿಗೂ ಇದೆ. ಹುಡುಗನಿಗೆ ಬಿದ್ದ ಪೆಟ್ಟು ಇನ್ನೂ ಹೆಚ್ಚು. ಹದಿನಾಲ್ಕೋ ಹದಿನೈದೋ ವರ್ಷದವನು. ಅವನ ಎಡಗಿವಿ ಆಮೇಲೆ ಕೇಳಿಸಲೇ ಇಲ್ಲ. ಅವನ ಮುಷ್ಟಿ ಬಿಡಿಸಿದಾಗ ಸಿಕ್ಕಿದ್ದು ನಲವತ್ತು ರೂಪಾಯಿ. ದುಡ್ಡು ಕಳೆದುಕೊಂಡವರು ಅಷ್ಟರಲ್ಲಿ ಬಸ್ಸಿನಲ್ಲಿ ಹೋಗಿಯಾಗಿತ್ತು. ದೂರು ಕೊಡಲು ಯಾರೂ ಉಳಿದಿರಲಿಲ್ಲ.

ನನ್ನನ್ನು ಗುರುತು ಹಿಡಿದು ಬಿಡಿಸಿದ ಹೆಡ್ ಕಾನ್‌ಸ್ಟೆಬಲ್ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಒಂದೇ ಮಾತು ಹೇಳಿದರು. ‘ಕೂಗುವುದಿದ್ದರೆ ಪೊಲೀಸ್ ಎಂದು ಕೂಗಬೇಕಿತ್ತು, ಕಳ್ಳ ಎಂದಲ್ಲ.’

ತಂಗಿ, ಬಟ್ಟೆ ಬಿಚ್ಚಿಟ್ಟರೆ ಅಧಿಕಾರ ಹೋಗುವುದಿಲ್ಲ, ಗುರುತು ಹೋಗುತ್ತದೆ. ಖಾಕಿ ಎನ್ನುವುದು ತೊಟ್ಟವನಿಗಿಂತ ನೋಡುವವರಿಗಾಗಿ ಇರುವುದು. ಭಾರತೀಯ ನ್ಯಾಯ ಸಂಹಿತೆಯ 37ನೆಯ ಕಲಮಿಗೆ ಒಂದು ವಿವರಣೆ ಇದೆ. ಸರ್ಕಾರಿ ನೌಕರ ಸದ್ಭಾವನೆಯಿಂದ ಕರ್ತವ್ಯ ಮಾಡುವಾಗ ಅವನ ವಿರುದ್ಧ ಸಾಮಾನ್ಯವಾಗಿ ಆತ್ಮರಕ್ಷಣೆಯ ಹಕ್ಕು ಹೇಳಿಕೊಳ್ಳುವಂತಿಲ್ಲ. ಆದರೆ ಎದುರಿಗಿರುವವನು ಸರ್ಕಾರಿ ನೌಕರ ಎಂದು ಗೊತ್ತಿಲ್ಲದಿದ್ದರೆ, ಹಾಗೆ ನಂಬಲು ಕಾರಣವೂ ಇಲ್ಲದಿದ್ದರೆ, ಆ ಹಕ್ಕು ಹೋಗುವುದಿಲ್ಲ. ಎಂದರೆ, ಪಂಚೆ ಬನಿಯನ್ನಿನಲ್ಲಿ ಬಂದು ಏನೂ ಹೇಳದೆ ಮೈಮೇಲೆ ಬಿದ್ದವನನ್ನು ನಿರಪರಾಧಿಯೊಬ್ಬ ತಳ್ಳಿ ಬೀಳಿಸಿದರೆ ಕಾನೂನು ಅವನ ಕಡೆ ನಿಲ್ಲಬಹುದು. ಕರ್ತವ್ಯದಲ್ಲಿದ್ದ ಪೊಲೀಸನ ಮೇಲೆ ಹಲ್ಲೆಯಾಯಿತು ಎಂಬ ಪ್ರಕರಣ ನಿಲ್ಲಬೇಕಾದರೂ ಅಷ್ಟೇ, ನೀವು ಪೊಲೀಸ್ ಎಂದು ಅಲ್ಲಿದ್ದವರಿಗೆ ತಿಳಿಯಬೇಕು. ಬಂಧಿಸುವ ಅಧಿಕಾರಿಯ ಹೆಸರು ಎದ್ದು ಕಾಣುವಂತಿರಬೇಕೆಂದು ಸುಪ್ರೀಂ ಕೋರ್ಟ್ ಡಿ.ಕೆ. ಬಸು ಪ್ರಕರಣದಲ್ಲಿ 1996ರಲ್ಲೇ ಹೇಳಿತು. ಇಂದಿನ ನಾಗರಿಕ ಸುರಕ್ಷಾ ಸಂಹಿತೆಯ 36ನೆಯ ಕಲಂ ಅದನ್ನೇ ಕಾನೂನಾಗಿಸಿದೆ. ಸಂತೆಯಲ್ಲಿ ಮುಖ ನೋಡಿ ಪೊಲೀಸ್ ಎಂದು ಯಾರು ತಿಳಿಯುತ್ತಾರೆ?

ಹಾಗಾದರೆ ಎಂದೂ ಕೈ ಹಾಕಬಾರದೇ? ಹಾಕಬೇಕು. ಈ ಕ್ಷಣ ತಡೆಯದಿದ್ದರೆ ಒಂದು ಜೀವ ಹೋಗುತ್ತದೆ ಎಂದಾಗ ರಜೆಯೂ ಇಲ್ಲ, ಪಾಳಿಯೂ ಇಲ್ಲ. ಕೆಲವು ವರ್ಷಗಳ ನಂತರ ನಾನು ಗಳಿಕೆ ರಜೆಯಲ್ಲಿದ್ದಾಗ ನಮ್ಮ ಓಣಿಯಲ್ಲೇ ಒಬ್ಬ ಕುಡಿದು ಬಂದು ಹೆಂಡತಿಯ ಮೇಲೆ ಕುಡುಗೋಲು ಎತ್ತಿದ್ದ. ಆಕೆಯ ಭುಜಕ್ಕೆ ಆಗಲೇ ಒಂದು ಏಟು ಬಿದ್ದಿತ್ತು. ಮನೆಯವಳಿಗೆ ಠಾಣೆಗೆ ಫೋನ್ ಮಾಡಲು ಹೇಳಿ, ಮಂಚದ ಮೇಲಿನ ಕಂಬಳಿ ಎಳೆದುಕೊಂಡು ಓಡಿದೆ. ನನ್ನ ಹೆಸರು, ಠಾಣೆಯ ಹೆಸರು ಕೂಗಿ ಹೇಳಿ, ‘ಪೊಲೀಸ್, ಕುಡುಗೋಲು ಕೆಳಗಿಡು’ ಎಂದೆ. ಇಡಲಿಲ್ಲ. ಕಂಬಳಿಯನ್ನು ಅವನ ತಲೆಯ ಮೇಲೆ ಎಸೆದು ಪಕ್ಕದ ಮನೆಯ ಇಬ್ಬರೊಂದಿಗೆ ಅವನನ್ನು ಅದುಮಿ ಹಿಡಿದೆ. ಆ ತಾಯಿ ಬದುಕಿದರು. ಅಂದು ಫೋನ್ ಮಾಡಿ ಕಾಯುತ್ತಾ ನಿಂತಿದ್ದರೆ ನನಗೆ ನಾನೇ ಮುಖ ತೋರಿಸಲಾಗುತ್ತಿರಲಿಲ್ಲ.

ಸರ ಹೋದರೆ ಹೋಗಲಿ ಎಂದು ಹೇಳುತ್ತಿಲ್ಲ. ಆ ಅಜ್ಜಿಗೆ ಅದು ಜೀವಮಾನದ ಗಳಿಕೆಯಿರಬಹುದು. ಹೊಸ ನ್ಯಾಯ ಸಂಹಿತೆಯ 304ನೆಯ ಕಲಂ ಹೀಗೆ ಕಸಿದು ಓಡುವುದನ್ನೇ ಪ್ರತ್ಯೇಕ ಅಪರಾಧವೆಂದು ಹೆಸರಿಸಿ ಮೂರು ವರ್ಷದವರೆಗೆ ಸೆರೆವಾಸ ವಿಧಿಸಿದೆ. ಆದರೆ ಸರವನ್ನು ನಾಳೆಯೂ ಹುಡುಕಬಹುದು, ಕಳ್ಳನನ್ನು ಮುಂದಿನ ವಾರವೂ ಹಿಡಿಯಬಹುದು. ಆರು ವರ್ಷದ ಮಗಳು ಆ ಗದ್ದಲದಲ್ಲಿ ರಸ್ತೆಗೆ ಇಳಿದಿದ್ದರೆ?

ಕೊನೆಗೆ ಒಂದು ವಿಚಾರಿಸಿ. ಅಂದಿನ ಘಟನೆಯನ್ನು ಅವರು ಠಾಣೆಗೆ ವರದಿ ಮಾಡಿ ದಿನಚರಿಯಲ್ಲಿ ಬರೆಸಿದ್ದಾರೆಯೇ? ಇಲ್ಲದಿದ್ದರೆ ಇಂದೇ ಮೇಲಧಿಕಾರಿಗೆ ಲಿಖಿತವಾಗಿ ಕೊಡಲಿ, ವೈದ್ಯರ ಕಾಗದಗಳನ್ನು ಲಗತ್ತಿಸಲಿ. ಕರ್ತವ್ಯದ ಭಾಗವಾಗಿ ಆದ ಗಾಯವೋ, ಸಂತೆಯಲ್ಲಿ ಜಾರಿ ಬಿದ್ದ ಗಾಯವೋ ಎಂಬುದನ್ನು ಮುಂದೆ ಕಾಗದವೇ ಹೇಳಬೇಕು. ಚಿಕಿತ್ಸೆಗೆ ಪೊಲೀಸರ ಆರೋಗ್ಯ ಭಾಗ್ಯ ಯೋಜನೆಯ ನೆರವನ್ನೂ ವಿಚಾರಿಸಲಿ. ಮತ್ತು ನನ್ನ ಪರವಾಗಿ ಅವರಿಗೆ ಹೇಳಿ: ಅವರು ಓಡಿದ್ದು ಹೆಮ್ಮೆಯ ವಿಷಯವೇ, ನಾಚಿಕೆಯದಲ್ಲ.

ಪ್ರಶ್ನೆ: ನಮ್ಮ ಪಕ್ಕದ ಮನೆಯಲ್ಲಿ ಪೊಲೀಸ್ ಇಲಾಖೆಯವರೊಬ್ಬರಿದ್ದಾರೆ. ಅವರ ಗೇಟಿನ ಮುಂದೆ ಐದು ನಿಮಿಷ ಸ್ಕೂಟರ್ ನಿಲ್ಲಿಸಿದ್ದಕ್ಕೆ ಚಡ್ಡಿ ಬನಿಯನ್ನಿನಲ್ಲೇ ಬಂದು ಕೀ ಕಿತ್ತುಕೊಂಡರು. ಲೈಸೆನ್ಸ್ ತೋರಿಸು, ಕೇಸು ಹಾಕುತ್ತೇನೆ ಎಂದರು. ಅವರಿಗೆ ಆ ಅಧಿಕಾರ ಇದೆಯೇ?
– ಕಾಲೇಜು ವಿದ್ಯಾರ್ಥಿ, ವಿದ್ಯಾನಗರ, ದಾವಣಗೆರೆ

ಉತ್ತರ: ಇಲ್ಲ. ಮೋಟಾರು ವಾಹನ ಕಾಯಿದೆಯ 130ನೆಯ ಕಲಂ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದಾಗ ಚಾಲಕ ಲೈಸೆನ್ಸ್ ತೋರಿಸಬೇಕು ಎನ್ನುತ್ತದೆ. ‘ಸಮವಸ್ತ್ರದಲ್ಲಿರುವ’ ಎಂಬ ಪದವನ್ನು ಕಾನೂನು ಬರೆದವರು ಬೇಕೆಂದೇ ಇಟ್ಟಿದ್ದಾರೆ. ಕುಡಿದು ವಾಹನ ಓಡಿಸುವವರ ಉಸಿರು ಪರೀಕ್ಷೆಯ 203ನೆಯ ಕಲಮಿನಲ್ಲೂ ಪೊಲೀಸರ ಮಟ್ಟಿಗೆ ಅದೇ ಪದವಿದೆ. ಕೀ ಕಿತ್ತುಕೊಳ್ಳಿ ಎಂದು ಆ ಕಾಯಿದೆ ಎಲ್ಲಿಯೂ ಹೇಳಿಲ್ಲ.

ಇದು ಸಣ್ಣ ವಿಷಯವೆಂದು ನನಗೆ ಅನಿಸುವುದಿಲ್ಲ. ಸ್ವಂತ ಗೇಟು, ಸ್ವಂತ ನಲ್ಲಿ ನೀರು, ಸ್ವಂತ ಹೊಲದ ಬದು, ಅಣ್ಣತಮ್ಮಂದಿರ ಪಾಲು, ಇವುಗಳ ಜಗಳಕ್ಕೆ ಇಲಾಖೆಯ ಹೆಸರನ್ನು ಎಳೆದು ತರುವವನು ಉಳಿದ ಎಲ್ಲ ಸಹೋದ್ಯೋಗಿಗಳ ಮಾನ ಕಳೆಯುತ್ತಾನೆ. ತನ್ನದೇ ಜಗಳವಾದರೆ ಅವನು ಎಲ್ಲರಂತೆ ಠಾಣೆಗೆ ಹೋಗಿ ದೂರುದಾರನಾಗಿ ನಿಲ್ಲಬೇಕು.

ನೀನು ಮೊದಲು ಮನೆಯ ಹಿರಿಯರೊಂದಿಗೆ ಹೋಗಿ ಮಾತನಾಡು. ಗೇಟಿಗೆ ಅಡ್ಡ ನಿಲ್ಲಿಸಿದ್ದು ನಿನ್ನ ತಪ್ಪು, ಅದನ್ನು ಒಪ್ಪಿಕೋ. ಮತ್ತೆ ಹಾಗೆಯೇ ನಡೆದುಕೊಂಡರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ದಿನ, ಹೊತ್ತು ಬರೆದು ಲಿಖಿತ ದೂರು ಕೊಡು.

ಪ್ರಶ್ನೆ: ನಾನು ಹೊಸದಾಗಿ ಸೇರಿದ ಕಾನ್‌ಸ್ಟೆಬಲ್. ಹಬ್ಬಕ್ಕೆ ಊರಿಗೆ ಹೋದರೆ ಕಟ್ಟೆಯ ಮೇಲೆ ಹಣ ಕಟ್ಟಿ ಇಸ್ಪೀಟು ಆಡುತ್ತಿರುತ್ತಾರೆ, ಅವರಲ್ಲಿ ನನ್ನ ಸೋದರಮಾವನೂ ಇರುತ್ತಾರೆ. ಸುಮ್ಮನಿದ್ದರೆ ಕರ್ತವ್ಯಲೋಪವೇ? ಏನಾದರೂ ಮಾಡಿ ಹೆಚ್ಚುಕಡಿಮೆಯಾದರೆ ಇಲಾಖೆ ನನ್ನನ್ನು ಕಾಯುತ್ತದೆಯೇ?
– ಓದುಗ, ಚಳ್ಳಕೆರೆ

ಉತ್ತರ: ತಮ್ಮಾ, ಅಲ್ಲಿ ಯಾರ ಜೀವಕ್ಕೂ ಅಪಾಯವಿಲ್ಲ, ನೀನೊಬ್ಬನೇ ಇದ್ದೀಯ, ಆಡುವವರು ನಿನ್ನ ನೆಂಟರು. ಅಲ್ಲಿ ನಿಂತು ಎಲೆ ಕಸಿಯಬೇಡ, ಯಾರನ್ನೂ ಹಿಡಿಯಬೇಡ. ಆದರೆ ಕಟ್ಟೆಯ ಮೇಲೆ ಅವರ ಪಕ್ಕದಲ್ಲಿ ಕೂರಲೂಬೇಡ. ಮಾವನನ್ನು ಬದಿಗೆ ಕರೆದು ‘ಮಾವ, ನನ್ನ ಕೆಲಸಕ್ಕೆ ಕುತ್ತು ತರಬೇಡಿ’ ಎಂದು ಹೇಳು. ಆಟ ದೊಡ್ಡ ಮೊತ್ತದ್ದಾಗಿದ್ದರೆ, ಹೊರಗಿನವರು ಬಂದು ಆಡಿಸುತ್ತಿದ್ದರೆ, ಆ ವ್ಯಾಪ್ತಿಯ ಠಾಣೆಗೆ ತಿಳಿಸು, ತಿಳಿಸಿದ ಹೊತ್ತನ್ನು ಬರೆದಿಟ್ಟುಕೋ. ಮಾವನ ಹೆಸರನ್ನು ಬಿಟ್ಟು ಉಳಿದವರ ಹೆಸರು ಹೇಳುವ ಆಸೆ ಹುಟ್ಟುತ್ತದೆ. ಆ ಆಸೆಗೆ ಬಲಿಯಾದವರನ್ನು ನಾನು ಕಂಡಿದ್ದೇನೆ, ಊರಿಗೆ ಊರೇ ಅವರನ್ನು ನಂಬುವುದನ್ನು ಬಿಟ್ಟಿತು.

ರಕ್ಷಣೆಯ ವಿಚಾರ. ಕರ್ತವ್ಯಕ್ಕೆ ಸಂಬಂಧಿಸಿದ ಕೃತ್ಯಕ್ಕಾಗಿ ಪೊಲೀಸರ ಮೇಲೆ ಮೊಕದ್ದಮೆ ಹೂಡಲು ಸರ್ಕಾರದ ಪೂರ್ವಾನುಮತಿ ಬೇಕೆಂದು ಕರ್ನಾಟಕ ಪೊಲೀಸ್ ಕಾಯಿದೆಯ 170ನೆಯ ಕಲಂ ಹೇಳುತ್ತದೆ. 2020ರಲ್ಲಿ ನಮ್ಮ ರಾಜ್ಯದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದರ ಗೆರೆಯನ್ನು ಎಳೆದು ತೋರಿಸಿತು. ಕರ್ತವ್ಯದೊಂದಿಗೆ ನ್ಯಾಯವಾದ ನಂಟಿದ್ದರೆ, ಕೈ ಸ್ವಲ್ಪ ಮೀರಿದ್ದರೂ ಆ ರಕ್ಷಣೆ ಇದೆ. ನಂಟೇ ಇಲ್ಲದಿದ್ದರೆ ಇಲ್ಲ. ಆ ನಂಟನ್ನು ತೋರಿಸಬೇಕಾದವನು ನೀನು. ನೀನು ಮಾಡಿದ ಫೋನ್ ಕರೆ, ಹೇಳಿಕೊಂಡ ಗುರುತು, ಅಂದೇ ಬರೆಸಿದ ದಿನಚರಿ ಇವೇ ಅದಕ್ಕೆ ಸಾಕ್ಷಿ. ಕುಡಿದಿದ್ದಾಗಲಂತೂ ಯಾವ ಕಾರಣಕ್ಕೂ ಪೊಲೀಸ್ ಕೆಲಸಕ್ಕೆ ಇಳಿಯಬೇಡ. ಹಬ್ಬದ ದಿನ ಎರಡು ಗುಟುಕು ಹಾಕಿದವನ ಬಾಯಿಂದ ‘ನಾನು ಪೊಲೀಸ್’ ಎಂಬ ಮಾತು ಬಂದರೆ ಯಾರೂ ಅದನ್ನು ನಂಬುವುದಿಲ್ಲ, ನಂಬಲೂಬಾರದು.

ಪ್ರಶ್ನೆ: ಅಮೆರಿಕದಲ್ಲಿ ಪೊಲೀಸರು ರಜೆಯಲ್ಲೂ ಪಿಸ್ತೂಲು ಇಟ್ಟುಕೊಂಡಿರುತ್ತಾರೆ, ಅಂಗಡಿ ದರೋಡೆಗೆ ಬಂದವರನ್ನು ಅಲ್ಲಿಯೇ ಹಿಡಿಯುತ್ತಾರೆ. ನಮ್ಮವರಿಗೂ ಹಾಗೆ ಕೊಟ್ಟರೆ ಒಳ್ಳೆಯದಲ್ಲವೇ?
– ಕಿರಾಣಿ ವ್ಯಾಪಾರಿ, ಹೊಳಲ್ಕೆರೆ

ಉತ್ತರ: ಅಲ್ಲಿ 2004ರ ಒಂದು ಕಾನೂನು ಅರ್ಹ ಪೊಲೀಸ್ ಅಧಿಕಾರಿಗಳಿಗೆ ರಜೆಯಲ್ಲಿದ್ದಾಗಲೂ ದೇಶದಲ್ಲಿ ಬಹುತೇಕ ಎಲ್ಲೆಡೆ ಬಂದೂಕನ್ನು ಮರೆಮಾಡಿ ಒಯ್ಯಲು ಅವಕಾಶ ಕೊಟ್ಟಿದೆ, ನಿಜ. ಅದರ ಇನ್ನೊಂದು ಮುಖವನ್ನೂ ನೋಡಿ. 2009ರ ಮೇ 28ರ ರಾತ್ರಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಓಮರ್ ಎಡ್ವರ್ಡ್ಸ್ ಎಂಬ ಇಪ್ಪತ್ತೈದು ವರ್ಷದ ಪೊಲೀಸ್ ಅಧಿಕಾರಿ ಕೆಲಸ ಮುಗಿಸಿ, ಸಾದಾ ಉಡುಪಿನಲ್ಲಿ ಹೊರಟಿದ್ದರು. ತಮ್ಮ ಕಾರಿನ ಗಾಜು ಒಡೆದು ನುಗ್ಗಿದ್ದವನನ್ನು ಪಿಸ್ತೂಲು ಹಿಡಿದು ಅಟ್ಟಿಸಿಕೊಂಡು ಹೋದರು. ಗಸ್ತಿನಲ್ಲಿದ್ದ ಅವರದೇ ಇಲಾಖೆಯವರಿಗೆ ಕಂಡದ್ದು ಬಂದೂಕು ಹಿಡಿದು ಓಡುತ್ತಿರುವ ಒಬ್ಬ ಮನುಷ್ಯ, ಅಷ್ಟೇ. ಸಹೋದ್ಯೋಗಿಯ ಗುಂಡಿಗೆ ಅವರು ಸತ್ತರು.

ಅದನ್ನು ಓದಿದ ದಿನ ನನಗೆ ಆ ಬಸ್ ನಿಲ್ದಾಣ ನೆನಪಾಯಿತು. ನನಗೆ ಬಿದ್ದದ್ದು ಜನರ ಕೈ ಏಟು, ಹಾಗಾಗಿ ಹುಬ್ಬಿನ ಗಾಯದಲ್ಲಿ ಮುಗಿಯಿತು. ನನ್ನ ಸೊಂಟದಲ್ಲಿ ಬಂದೂಕು ಇದ್ದಿದ್ದರೆ ಆ ಹುಡುಗ ಕಿವಿಯನ್ನಷ್ಟೇ ಕಳೆದುಕೊಳ್ಳುತ್ತಿರಲಿಲ್ಲ. ನಿಮ್ಮ ಅಂಗಡಿಗೆ ಒಳ್ಳೆಯ ಕ್ಯಾಮೆರಾ ಹಾಕಿಸಿ, ಬೀಟ್ ಕಾನ್‌ಸ್ಟೆಬಲ್ ಅವರ ಮೊಬೈಲ್ ಸಂಖ್ಯೆಯನ್ನು ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸಿ.

ಪ್ರಶ್ನೆ: ನಾನು ಎಂಟನೇ ತರಗತಿ. ನಮ್ಮ ತಂದೆ ಪೊಲೀಸ್. ನಾವು ಹೊರಗೆ ಹೋದಾಗ ಅವರು ಯಾರನ್ನಾದರೂ ಹಿಡಿಯಲು ಓಡಿದರೆ ನಾನು ಏನು ಮಾಡಬೇಕು?
– ವಿದ್ಯಾರ್ಥಿ, ಹರಿಹರ

ಉತ್ತರ: ಮಗೂ, ಈ ಪ್ರಶ್ನೆಯನ್ನು ದೊಡ್ಡವರು ಕೇಳಬೇಕಾಗಿತ್ತು. ಈ ಭಾನುವಾರ ಅಪ್ಪನ ಪಕ್ಕದಲ್ಲಿ ಕುಳಿತು ಈ ಉತ್ತರವನ್ನು ಇಬ್ಬರೂ ಓದಿ, ಒಂದು ಸಂಕೇತದ ಮಾತನ್ನು ಗೊತ್ತು ಮಾಡಿಕೊಳ್ಳಿ. ಅಪ್ಪ ಆ ಮಾತು ಹೇಳಿದರೆ ನೀನು ಅವರ ಕೈ ಬಿಟ್ಟು, ಅಮ್ಮನನ್ನೂ ಕರೆದುಕೊಂಡು, ಹತ್ತಿರದ ಅಂಗಡಿಯ ಒಳಗೆ ಹೋಗಬೇಕು. ಅವರ ಹಿಂದೆ ಓಡಬಾರದು. ‘ಅಪ್ಪಾ’ ಎಂದು ಕೂಗಲೂಬಾರದು, ನೀನು ಅವರ ಮಗನೆಂದು ಕಳ್ಳನಿಗೆ ಗೊತ್ತಾಗಬಾರದು.

ಒಳಗೆ ಹೋದ ಮೇಲೆ 112ಕ್ಕೆ ಫೋನ್ ಮಾಡು. ಅವರು ಏನಾಯಿತು ಎಂದು ಕೇಳುತ್ತಾರೆ. ಮೊದಲು ಯಾವ ಜಾಗ ಎಂದು ಹೇಳು, ಹತ್ತಿರದ ಗುಡಿಯೋ ಬ್ಯಾಂಕೋ ಸೇತುವೆಯೋ ಇದ್ದರೆ ಅದನ್ನೂ ಹೇಳು. ಆಮೇಲೆ ಕಳ್ಳನ ವಿಷಯಕ್ಕಿಂತ ಮುಂಚೆ ಇದನ್ನು ಹೇಳು, ನಿಧಾನವಾಗಿ, ಎರಡು ಸಲ: ‘ನೀಲಿ ಅಂಗಿ, ಕಪ್ಪು ಪ್ಯಾಂಟಿನವರು ನಮ್ಮ ತಂದೆ. ಅವರು ಪೊಲೀಸ್.’